ಚಿತ್ರದೊಳಗಿನವನು

ಪ್ರಕಾಶಕರ ಹಂಗಿಲ್ಲದೆ ತಾವೇ ಕಥೆ ಹೆಣೆದು, ತಾವೇ ಚಿತ್ರ ಬಿಡಿಸಿ, ತಾವೇ ಅಚ್ಚು ಹಾಕಿಸಿದ ಚಿತ್ರಕಥೆಗಳನ್ನು ಕಲಾವಿದರು ಮೇಜಿನ ಮೇಲೆ ಹರಡಿಕೊಂಡು ಮಾರುವ ಮೇಳಗಳು ಇಂದು ನಮ್ಮ ದೇಶದಲ್ಲೂ ನಡೆಯುತ್ತವೆ. ೨೦೧೭ರಲ್ಲಿ ಆರಂಭವಾದ ಇಂಡೀ ಕಾಮಿಕ್ಸ್ ಫೆಸ್ಟ್ ಬೆಂಗಳೂರು ಸೇರಿದಂತೆ ಹಲವು ನಗರಗಳಲ್ಲಿ ನಡೆದಿದೆ. ಬೀದರಿನಿಂದ ಬೆಂಗಳೂರಿಗೆ ಸುಮಾರು ಏಳುನೂರು ಕಿಲೋಮೀಟರು. ಚಿತ್ರಕಥೆ ನೋಡಲೆಂದು ಅಷ್ಟು ದೂರ ಹೋಗಿಬರುವವರು ನಮ್ಮಲ್ಲಿ ವಿರಳ. ಆದರೂ ಈ ಮೇಳಗಳು ಎತ್ತುವ ಒಂದು ಪ್ರಶ್ನೆ ನಮ್ಮ ಜಿಲ್ಲೆಗೆ ತೀರ ಹತ್ತಿರದ್ದು.

ಮಾಡಿದವನೇ ಎದುರು ಕುಳಿತು ಮಾರುವುದು ಅಲ್ಲಿಯ ಸೊಗಸು. ಬೀದರಿನವರಿಗೆ ಇದೇನೂ ಹೊಸದಲ್ಲ. ಚೌಬಾರಾದ ಆಸುಪಾಸಿನ ಬಿದರಿ ಅಂಗಡಿಗಳ ಮುಂದೆ ನಿಂತರೆ ಉಳಿಯ ಸದ್ದು ಕಿವಿಗೆ ಬೀಳುತ್ತದೆ. ಸತು ಮತ್ತು ತಾಮ್ರದ ಎರಕಕ್ಕೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿ, ಅದರ ಮೇಲೆ ಕುಶಲಕರ್ಮಿಯು ಬರಿಗೈಯಲ್ಲೇ ಬಳ್ಳಿ ಎಳೆಯುತ್ತಾನೆ. ಆ ಗೆರೆಯನ್ನು ಕೊರೆದು ಬೆಳ್ಳಿಯ ತಂತಿ ಕೂರಿಸುತ್ತಾನೆ. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಸೇರಿ ಉಳಿದ ಭಾಗಕ್ಕೆ ಮಾಸದ ಕಪ್ಪು ಕೊಡುತ್ತವೆ. ಗೆರೆ ತಪ್ಪಿದರೆ ನಷ್ಟ ಅವನದೇ. ಹೂಜಿಯ ಮೇಲಿನ ಬಳ್ಳಿಯು ತನ್ನನ್ನು ಹೀಗೇಕೆ ಕೊರೆದೆ ಎಂದು ಕೇಳುವುದಿಲ್ಲ. ಮನುಷ್ಯನ ಮುಖವಾದರೋ ಕೇಳಬಲ್ಲದು.

ಔರಾದದ ಒಬ್ಬ ಕೂಲಿಯಾಳು ಹೆಂಡತಿ ಮಕ್ಕಳೊಡನೆ ಕಟ್ಟಡ ಕೆಲಸಕ್ಕೆಂದು ಹೈದರಾಬಾದಿಗೆ ಹೋಗುತ್ತಾನೆ ಎಂದುಕೊಳ್ಳಿ. ನಮ್ಮ ಕಡೆ ಇದು ಕಥೆಯಲ್ಲ, ವರ್ಷವರ್ಷದ ವಾಡಿಕೆ. ಅವನ ಬದುಕನ್ನು ಸಹೃದಯ ಕಲಾವಿದರೊಬ್ಬರು ಇಪ್ಪತ್ತು ಪುಟಗಳಲ್ಲಿ ಚಿತ್ರಿಸುತ್ತಾರೆ. ಮೇಳದಲ್ಲಿ ಪುಸ್ತಕ ಖರ್ಚಾಗುತ್ತದೆ, ಮೆಚ್ಚುಗೆ ಬರುತ್ತದೆ. ಬರೆದವರು ಅಲ್ಲಿದ್ದಾರೆ, ಕೊಂಡವರು ಅಲ್ಲಿದ್ದಾರೆ. ಚಿತ್ರದೊಳಗಿನವನೊಬ್ಬನೇ ಅಲ್ಲಿಲ್ಲ. ಹಾಗಾದರೆ ಕಲಾವಿದರು ಉತ್ತರ ಕೊಡಬೇಕಾದದ್ದು ಯಾರಿಗೆ?

ನೊಂದವರೇ ತಮ್ಮ ನೋವನ್ನು ಚಿತ್ರಿಸಲಿ, ಉಳಿದವರು ಸುಮ್ಮನಿರಲಿ ಎಂಬ ವಾದವಿದೆ. ಈ ವಾದಕ್ಕೆ ಗೌರವ ಸಲ್ಲಲೇಬೇಕು, ಏಕೆಂದರೆ ಬಡವರ ದುಃಖವನ್ನು ಸರಕಾಗಿಸಿದ ಇತಿಹಾಸ ಚಿಕ್ಕದಲ್ಲ. ಆದರೆ ಹನ್ನೆರಡು ತಾಸು ಇಟ್ಟಿಗೆ ಹೊತ್ತವನು ರಾತ್ರಿ ಕುಂಚ ಹಿಡಿಯುವವರೆಗೆ ಕಾಯಬೇಕೆಂದರೆ, ಆ ಕಾಯುವಿಕೆಯ ಬೆಲೆಯನ್ನೂ ಅವನೇ ತೆರುತ್ತಾನೆ. ಕಲೆಗೆ ಕಟ್ಟುಪಾಡಿಲ್ಲ ಎಂಬ ಇನ್ನೊಂದು ಉತ್ತರವಂತೂ ನನಗೆ ಅಗ್ಗವಾಗಿ ತೋರುತ್ತದೆ.

ಡಾ. ಅಂಬೇಡ್ಕರರ ಜೀವನವನ್ನು ಕುರಿತ ‘ಭೀಮಾಯಣ’ ಎಂಬ ಚಿತ್ರಕೃತಿಯನ್ನು ೨೦೧೧ರಲ್ಲಿ ನವಯಾನ ಪ್ರಕಾಶನ ಹೊರತಂದಿತು. ಚಿತ್ರಗಳನ್ನು ರಚಿಸಿದವರು ಮಧ್ಯಪ್ರದೇಶದ ಪರಧಾನ್ ಗೊಂಡ ಸಮುದಾಯದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ದಂಪತಿ. ಅಂಬೇಡ್ಕರರ ಸಮುದಾಯ ಅವರದಲ್ಲ. ಚಿತ್ರಿಸಿದ ನೋವು ಇನ್ನೊಬ್ಬರದೇ. ಆದರೆ ಪಾತ್ರಗಳನ್ನು ಚೌಕಗಳೊಳಗೆ ಕೂಡಿಹಾಕಲು ಅವರು ಒಪ್ಪಲಿಲ್ಲ. ಉಸಿರುಗಟ್ಟುತ್ತದೆ ಎಂಬುದು ಅವರ ಕಾರಣ. ಮೃದುವಾದ ಮಾತಿಗೆ ಹಕ್ಕಿಯ ಆಕಾರ ಕೊಟ್ಟರು, ಜಾತಿಯ ವಿಷ ಕಕ್ಕುವ ಮಾತಿಗೆ ಚೇಳಿನ ಕೊಂಡಿ ಇಟ್ಟರು. ಶಾಲೆಯಲ್ಲಿ ನೀರು ಸಿಗದ ಬಾಲಕನನ್ನು ಕನಿಕರದ ವಸ್ತುವಾಗಿಸದೆ ತೋರಿಸಲು ಅವರಿಗೆ ತಮ್ಮದೇ ಗೆರೆಯ ಸಂಪತ್ತು ಒದಗಿತು. ಎರವಲು ಕಣ್ಣಿನಿಂದ ನೋಡಿದ್ದರೆ ಇದು ಆಗುತ್ತಿತ್ತೇ?

ಇನ್ನು ನೋಡುವವನ ಪಾಲು. ದುಡ್ಡು ಕೊಟ್ಟು ಪುಸ್ತಕ ಕೊಂಡು, ಒಂದಿಷ್ಟು ಮರುಗಿ, ಮನಸ್ಸು ಹಗುರಾಗಿ ಮನೆಗೆ ಮರಳುವುದು ಸುಲಭ. ಆ ಹಗುರತನ ಯಾರ ಹೊರೆಯಿಂದ ಬಂತು ಎಂದು ಯೋಚಿಸುವವರು ಕಡಿಮೆ.

ಇಂಥದೊಂದು ಮೇಳ ಭಾಲ್ಕಿಯಲ್ಲೋ ಔರಾದದಲ್ಲೋ ನಡೆದರೆ? ದೊಡ್ಡ ಸಭಾಂಗಣ ಬೇಡ. ಸಂತೆಯ ದಿನ ಒಂದು ಜಮಖಾನೆ ಹಾಸಿದರೂ ಸಾಕು. ಕನ್ನಡ, ಮರಾಠಿ, ಉರ್ದು, ತೆಲುಗು ಬೆರೆತ ಗಡಿನಾಡಿದು. ಮಾತಿಲ್ಲದ ಚಿತ್ರಕಥೆಯೊಂದನ್ನು ಇಲ್ಲಿ ಅಕ್ಷರ ಬಲ್ಲವರೂ ಬಾರದವರೂ ಒಟ್ಟಿಗೆ ಕುಳಿತು ಓದಬಲ್ಲರು. ಆಗ ಚಿತ್ರದೊಳಗಿನವಳೇ ಬಂದು ಪುಟ ತಿರುವಿ, “ನಮ್ಮ ಕಡಿ ಹೆಣ್ಮಕ್ಳು ಬುಟ್ಟಿ ಹೊರೂ ಮುಂದ ಸೆರಗು ಹಿಂಗ ಬಿಡಲ್ರಿ” ಎಂದಾಳು. ಪಕ್ಕದವರು ನಕ್ಕಾರು. ಕಲಾವಿದರಿಗೆ ಮುಜುಗರವಾದೀತು. ಆದರೆ ಸ್ವಂತ ಖರ್ಚಿನಲ್ಲಿ ನೂರೇ ಪ್ರತಿ ಅಚ್ಚು ಹಾಕಿಸಿದವರಿಗೆ ಒಂದು ಅನುಕೂಲವುಂಟು: ಮುಂದಿನ ನೂರು ಪ್ರತಿ ಅಚ್ಚಿಗೆ ಹೋಗುವ ಮುನ್ನ ಆ ಸೆರಗನ್ನು ತಿದ್ದಲು ಅವರು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ.