ಕತ್ತಿ ತಾಕದೆ ಕರಗುವ ಕೊಬ್ಬು: ದೇಹ, ದೋಷ, ಧರ್ಮ

ಚರ್ಮವನ್ನು ಕತ್ತರಿಸದೆ ಹೊಟ್ಟೆ, ಸೊಂಟ, ತೊಡೆ, ಗಲ್ಲದ ಕೆಳಭಾಗದಲ್ಲಿ ಕೂಡಿಕೊಂಡ ಕೊಬ್ಬನ್ನು ಇಳಿಸಿ ಮೈಯ ಆಕಾರವನ್ನು ತಿದ್ದುವ ಚಿಕಿತ್ಸೆಗಳು 2010ರಿಂದೀಚೆಗೆ ಸೌಂದರ್ಯ ಚಿಕಿತ್ಸಾಲಯಗಳ ನಿತ್ಯದ ಸೇವೆಯಾಗಿವೆ. ಸೌಂದರ್ಯಕ್ಕಾಗಿ ದೇಹವನ್ನು ಬದಲಿಸಿಕೊಳ್ಳಬಹುದೇ ಎಂಬ ಪ್ರಶ್ನೆಗೆ ಧರ್ಮಗಳು ಕೊಟ್ಟ ಉತ್ತರಗಳು ಬಹುಮಟ್ಟಿಗೆ ಶಸ್ತ್ರಚಿಕಿತ್ಸೆಯನ್ನು ಕಣ್ಣ ಮುಂದಿಟ್ಟುಕೊಂಡು ಹುಟ್ಟಿದವು. ಅವುಗಳಲ್ಲಿನ ಆಕ್ಷೇಪಕ್ಕೆ ಆಧಾರ ಗಾಯ, ನೋವು, ಪ್ರಾಣಾಪಾಯ. ಗಾಯವೇ ಇಲ್ಲದ ಚಿಕಿತ್ಸೆ ಬಂದಾಗ ಆ ಆಧಾರ ಸಡಿಲವಾಗುತ್ತದೆ. ಆಗ ಪ್ರಶ್ನೆ ಮುಗಿದುಹೋಗುವುದಿಲ್ಲ, ಇನ್ನಷ್ಟು ನೇರವಾಗುತ್ತದೆ: ಆರೋಗ್ಯವಾಗಿರುವ ದೇಹದ ಒಂದು ಭಾಗವನ್ನು ದೋಷವೆಂದು ಕರೆಯುವವರು ಯಾರು, ಯಾವ ಅಧಿಕಾರದಿಂದ?

ಇದಕ್ಕೆ ಉತ್ತರ ಹುಡುಕುವ ಮೊದಲು ಚಿಕಿತ್ಸೆಗಳು ಮೈಯೊಳಗೆ ಏನು ಮಾಡುತ್ತವೆ ಎಂಬುದು ತಿಳಿದಿರಬೇಕು. ಹೆಚ್ಚು ಹೆಸರಾದದ್ದು ಶೀತ ಚಿಕಿತ್ಸೆ, ಅಂದರೆ ಕ್ರಯೋಲಿಪೋಲಿಸಿಸ್. ಚಿಕಿತ್ಸಾಲಯಗಳ ಮಾತಿನಲ್ಲಿ ಫ್ಯಾಟ್ ಫ್ರೀಜಿಂಗ್. ಇದರ ಮೂಲ ಮಕ್ಕಳ ಕೆನ್ನೆಯಲ್ಲಿದೆ. ಐಸ್ ಕ್ಯಾಂಡಿ ಚೀಪಿದ ಮಗುವಿನ ಕೆನ್ನೆಯಲ್ಲಿ ಕೆಂಪು ಗಂಟು ಕಾಣಿಸಿಕೊಂಡ ಪ್ರಕರಣವನ್ನು 1970ರಲ್ಲಿ ವೈದ್ಯರು ವರದಿ ಮಾಡಿದ್ದರು. ಚಳಿಗೆ ಚರ್ಮಕ್ಕಿಂತ ಅದರಡಿಯ ಕೊಬ್ಬೇ ಬೇಗ ಸೋಲುತ್ತದೆ ಎಂಬ ಈ ಸುಳಿವನ್ನು ಹಿಡಿದು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಡೀಟರ್ ಮ್ಯಾನ್‌ಸ್ಟೈನ್ ಮತ್ತು ರಾಕ್ಸ್ ಆಂಡರ್ಸನ್ ವಿಧಾನವನ್ನು ರೂಪಿಸಿದರು. ಸೊಂಟದ ಪಕ್ಕದ ಬೊಜ್ಜಿಗೆ ಇದನ್ನು ಬಳಸಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2010ರಲ್ಲಿ ಒಪ್ಪಿಗೆ ಕೊಟ್ಟಿತು. ಚರ್ಮದ ಮೇಲೆ ಜೆಲ್ ಹಾಸುತ್ತಾರೆ. ಬಟ್ಟಲಿನಂಥ ಉಪಕರಣ ಅಲ್ಲಿನ ಕೊಬ್ಬಿನ ಮಡಿಕೆಯನ್ನು ಒಳಕ್ಕೆ ಎಳೆದುಕೊಂಡು, ಸೊನ್ನೆಗಿಂತ ಕೆಳಗಿನ ಉಷ್ಣತೆಯಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿದಿಡುತ್ತದೆ. ಉಪಕರಣ ತೆಗೆದಾಗ ಆ ಭಾಗ ಫ್ರಿಜ್ಜಿನಿಂದ ಈಗಷ್ಟೇ ತೆಗೆದ ಬೆಣ್ಣೆಯ ಗಟ್ಟಿಯಂತೆ ಸೆಟೆದು ನಿಂತಿರುತ್ತದೆ. ಎರಡು ನಿಮಿಷ ತಿಕ್ಕಿ ಅದನ್ನು ಸಡಿಲಗೊಳಿಸುತ್ತಾರೆ. ಆ ಹೊತ್ತಿಗೆ ಏನೂ ಕರಗಿರುವುದಿಲ್ಲ. ಚಳಿಯಿಂದ ಕೆಟ್ಟ ಕೋಶಗಳು ನಿಧಾನವಾಗಿ ತಾವಾಗಿಯೇ ಸಾಯುತ್ತವೆ, ಅವನ್ನು ದೇಹದ ರಕ್ಷಕ ಕೋಶಗಳು ಎರಡು ಮೂರು ತಿಂಗಳಲ್ಲಿ ಹೊರಸಾಗಿಸುತ್ತವೆ. ಕೊನೆಗೆ ಆ ಜಾಗದ ಕೊಬ್ಬಿನ ಪದರ ಸುಮಾರು ಐದನೆಯ ಒಂದು ಭಾಗದಷ್ಟು ತೆಳುವಾಗುತ್ತದೆ.

ಶಾಖದ ಚಿಕಿತ್ಸೆಗಳು ಇದೇ ಗುರಿಯನ್ನು ಎದುರು ದಿಕ್ಕಿನಿಂದ ಮುಟ್ಟುತ್ತವೆ. 1060 ನ್ಯಾನೋಮೀಟರ್ ತರಂಗದ ಲೇಸರ್ ಕೊಬ್ಬನ್ನು 42ರಿಂದ 47 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡಿ, 25 ನಿಮಿಷ ಅದೇ ಬಿಸಿಯಲ್ಲಿ ಇಡುತ್ತದೆ. ರೇಡಿಯೋ ತರಂಗದ ಚಿಕಿತ್ಸೆಯಲ್ಲಿ ವಿದ್ಯುತ್ತಿಗೆ ಕೊಬ್ಬು ಒಡ್ಡುವ ಪ್ರತಿರೋಧದಿಂದಲೇ ಶಾಖ ಹುಟ್ಟುತ್ತದೆ. ಚರ್ಮ ಸ್ವಲ್ಪ ಬಿಗಿಯಾಗುವುದು ಅದರ ಇನ್ನೊಂದು ಫಲ. ಕೇಂದ್ರೀಕೃತ ಅಲ್ಟ್ರಾಸೌಂಡ್ ಇನ್ನೂ ಒರಟು: ಚರ್ಮದಿಂದ ಒಂದು ಸೆಂಟಿಮೀಟರಿಗೂ ಆಳದ ಬಿಂದುವಿನಲ್ಲಿ 55 ಡಿಗ್ರಿಗೂ ಮೀರಿದ ಬಿಸಿಯನ್ನು ಹುಟ್ಟಿಸಿ ಕೋಶಗಳನ್ನು ಅಲ್ಲೇ ಬೇಯಿಸುತ್ತದೆ, ನೋವೂ ಹೆಚ್ಚು. ಗಲ್ಲದ ಕೆಳಗಿನ ಕೊಬ್ಬಿಗೆ ಡಿಆಕ್ಸಿಕೋಲಿಕ್ ಆಮ್ಲದ ಚುಚ್ಚುಮದ್ದು ಇದೆ. 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ತಿಂದ ಎಣ್ಣೆ ತುಪ್ಪವನ್ನು ಜೀರ್ಣಿಸಲು ಪಿತ್ತರಸದಲ್ಲಿ ಇರುವ ವಸ್ತುವೇ ಇದು. ಕೋಶದ ಪೊರೆಯನ್ನು ಒಡೆದು ಹಾಕುತ್ತದೆ.

ಎಲ್ಲಕ್ಕೂ ಸಮಾನವಾದ ಮಿತಿಯೊಂದಿದೆ. ಇವು ತೂಕ ಇಳಿಸುವ ಚಿಕಿತ್ಸೆಗಳಲ್ಲ. ಇವು ಮುಟ್ಟುವುದು ಚರ್ಮದ ಕೆಳಗಿನ, ಬೆರಳಿಗೆ ಸಿಗುವ ಕೊಬ್ಬನ್ನು ಮಾತ್ರ. ಸಕ್ಕರೆ ಕಾಯಿಲೆಗೂ ಹೃದ್ರೋಗಕ್ಕೂ ಹೆಚ್ಚು ನಂಟಿರುವುದು ಹೊಟ್ಟೆಯೊಳಗೆ ಕರುಳು, ಯಕೃತ್ತುಗಳ ಸುತ್ತ ಸೇರುವ ಕೊಬ್ಬಿಗೆ. ಭಾರತೀಯರಲ್ಲಿ ತೆಳ್ಳಗೆ ಕಾಣುವವರಿಗೂ ಅದು ಇರುತ್ತದೆ. ಅಲ್ಲಿಗೆ ಚಳಿಯೂ ಲೇಸರೂ ತಲುಪುವುದಿಲ್ಲ. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 15 ಸ್ಥೂಲಕಾಯದ ಮಹಿಳೆಯರಿಂದ ಲೈಪೋಸಕ್ಷನ್, ಅಂದರೆ ಕೊಬ್ಬನ್ನು ಹೀರಿ ತೆಗೆಯುವ ಶಸ್ತ್ರಚಿಕಿತ್ಸೆಯ ಮೂಲಕ ಸುಮಾರು 10 ಕಿಲೋದಷ್ಟು ಕೊಬ್ಬು ತೆಗೆಯಲಾಗಿತ್ತು. ವಾರಗಳ ನಂತರ ನೋಡಿದಾಗ ಇನ್ಸುಲಿನ್ನಿಗೆ ದೇಹ ಸ್ಪಂದಿಸುವ ರೀತಿಯಾಗಲಿ ರಕ್ತದೊತ್ತಡವಾಗಲಿ ಸುಧಾರಿಸಿರಲಿಲ್ಲ. ಕತ್ತಿಯಿಂದ ಅಷ್ಟು ತೆಗೆದರೂ ಆಗದ್ದು ಸೆಂಟಿಮೀಟರುಗಳ ಲೆಕ್ಕದ ಈ ಚಿಕಿತ್ಸೆಗಳಿಂದ ಆದೀತೆಂದು ನಂಬಲು ಕಾರಣವಿಲ್ಲ. ಆದ್ದರಿಂದ ನೀತಿಯ ಚರ್ಚೆಯಲ್ಲಿ ಆರೋಗ್ಯದ ವಾದವನ್ನು ಮೊದಲೇ ಬದಿಗಿಡಬೇಕಾಗುತ್ತದೆ. ಉಳಿಯುವುದು ಅಲಂಕಾರದ ವಾದ.

ಅಲಂಕಾರಕ್ಕಾಗಿ ದೇಹದ ಮೇಲೆ ಕೈಮಾಡುವುದನ್ನು ಯಹೂದಿ, ಕ್ರೈಸ್ತ, ಇಸ್ಲಾಂ ಚಿಂತಕರು ಇಪ್ಪತ್ತನೆಯ ಶತಮಾನದಿಂದೀಚೆಗೆ ವಿವರವಾಗಿ ಚರ್ಚಿಸಿದ್ದಾರೆ. ಯಹೂದಿ ಧರ್ಮಶಾಸ್ತ್ರದಲ್ಲಿ ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುವುದು ನಿಷಿದ್ಧ. ರಬ್ಬಿ ಮೋಶೆ ಫೈನ್‌ಸ್ಟೈನ್ 1964ರಲ್ಲಿ ಯುವತಿಯೊಬ್ಬಳ ಸೌಂದರ್ಯ ಶಸ್ತ್ರಚಿಕಿತ್ಸೆಗೆ ಅನುಮತಿ ಕೊಟ್ಟಾಗ, ಅವಮಾನಿಸುವ ಉದ್ದೇಶದಿಂದ ಮಾಡಿದ ಗಾಯವೇ ನಿಷೇಧದ ವಿಷಯ, ಒಳಿತಿಗಾಗಿ ಮಾಡಿದ್ದಲ್ಲ ಎಂದು ವಾದಿಸಿದರು. ವೈದ್ಯನಿಗೆ ಇರುವ ಅನುಮತಿ ಗುಣಪಡಿಸುವುದಕ್ಕೆ ಮಾತ್ರ ಎಂದು ರಬ್ಬಿ ಎಲಿಯೇಜರ್ ವಾಲ್ಡನ್‌ಬರ್ಗ್ ಇದಕ್ಕೆ ವಿರುದ್ಧ ನಿಂತರು. ಪೋಪ್ ಹನ್ನೆರಡನೆಯ ಪಯಸ್ 1958ರ ಅಕ್ಟೋಬರಿನಲ್ಲಿ, ತೀರಿಕೊಳ್ಳುವುದಕ್ಕೆ ಕೆಲವೇ ದಿನ ಮೊದಲು, ಪ್ಲಾಸ್ಟಿಕ್ ಸರ್ಜನರನ್ನು ಉದ್ದೇಶಿಸಿ ಮಾತನಾಡಿ, ಸೌಂದರ್ಯವನ್ನು ಒಳ್ಳೆಯದೆಂದೇ ಒಪ್ಪಿದರು, ಆದರೆ ಅದಕ್ಕಿಂತ ಮೇಲಿನ ಒಳಿತುಗಳಿಗೆ ಅದು ಅಧೀನವೆಂದರು. ಬರೀ ಒಣಹೆಮ್ಮೆಗೂ ಫ್ಯಾಷನ್ನಿನ ಚಪಲಕ್ಕೂ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ತಪ್ಪೆಂದರು. ಅಲ್ಲಾಹನ ಸೃಷ್ಟಿಯನ್ನು ಬದಲಿಸಬಾರದೆಂಬ ಕುರಾನಿನ ಎಚ್ಚರಿಕೆ ಇಸ್ಲಾಮಿನ ಚರ್ಚೆಗೆ ಮೂಲ. ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ (ಧರ್ಮಶಾಸ್ತ್ರ) ಅಕಾಡೆಮಿ 2007ರಲ್ಲಿ ಮಲೇಷ್ಯಾದಲ್ಲಿ ಸೇರಿದಾಗ, ತೂಕ ರೋಗದ ಮಟ್ಟಕ್ಕೆ ಬಂದು ಬೇರೆ ದಾರಿ ಕಾಣದಿದ್ದರೆ, ಹಾನಿಯ ಭಯವಿಲ್ಲದಿದ್ದರೆ ಕೊಬ್ಬು ತೆಗೆಸುವುದನ್ನು ಒಪ್ಪಬಹುದೆಂದು ತೀರ್ಮಾನಿಸಿತು.

ಶೀತ ಚಿಕಿತ್ಸೆಯನ್ನು ಈ ತಕ್ಕಡಿಗಳಲ್ಲಿ ಇಟ್ಟರೆ ಗಾಯದ ಬಟ್ಟಲು ಬಹುತೇಕ ಖಾಲಿಯಾಗಿಯೇ ಉಳಿಯುತ್ತದೆ. ಆದರೂ ಗಾಯವಿಲ್ಲ ಎಂಬ ಮಾತು ಎಲ್ಲ ವಿಧಾನಗಳಿಗೂ ಒಂದೇ ತೂಕದಲ್ಲಿ ಸಲ್ಲದು. ಚಳಿಗೆ ಸಿಕ್ಕ ಕೋಶ ಸಾಯುವ ಬಗೆ ದೇಹಕ್ಕೆ ಹೊಸದಲ್ಲ. ಹಳೆಯ ಕೋಶಗಳು ಕ್ರಮವಾಗಿ ತಮ್ಮನ್ನು ತಾವೇ ಮುಗಿಸಿಕೊಳ್ಳುವುದು ನಮ್ಮ ಮೈಯಲ್ಲಿ ದಿನವೂ ನಡೆಯುತ್ತದೆ. ಅಲ್ಟ್ರಾಸೌಂಡ್ ಮಾಡುವುದು ಸುಡುವ ಕೆಲಸ, ಆಮ್ಲದ ಚುಚ್ಚುಮದ್ದು ಮಾಡುವುದು ಒಡೆಯುವ ಕೆಲಸ. ಹೊರಗಿನ ಚರ್ಮ ನೆಟ್ಟಗಿದ್ದ ಮಾತ್ರಕ್ಕೆ ಒಳಗೆ ಗಾಯವಾಗಿಲ್ಲ ಎನ್ನಲಾಗದು. ಹಿಂಸೆಯನ್ನು ಅಳೆಯುವವರು ಕಣ್ಣಿಗೆ ಕಂಡ ರಕ್ತವನ್ನಷ್ಟೇ ಅಳೆದರೆ ಲೆಕ್ಕ ತಪ್ಪುತ್ತದೆ. ಈ ದೃಷ್ಟಿಯಿಂದ ಶೀತ ಮತ್ತು ಸೌಮ್ಯ ಶಾಖದ ವಿಧಾನಗಳು ಅಲ್ಟ್ರಾಸೌಂಡ್, ಚುಚ್ಚುಮದ್ದುಗಳಿಗಿಂತ ಕಡಿಮೆ ಆಕ್ಷೇಪಾರ್ಹ.

ಭಾರತದ ಗ್ರಂಥಗಳಲ್ಲಿ ಈ ವಿಷಯಕ್ಕೆ ತೀರ ಹತ್ತಿರ ಬರುವುದು ಚರಕಸಂಹಿತೆ. ಅದರ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯ ನಿಂದೆಗೆ ಗುರಿಯಾಗುವ ಎಂಟು ಬಗೆಯ ದೇಹಗಳನ್ನು ಹೇಳುತ್ತದೆ: ಅತಿ ಎತ್ತರ, ಅತಿ ಗಿಡ್ಡ, ಮೈತುಂಬ ಕೂದಲು, ಕೂದಲೇ ಇಲ್ಲದಿರುವುದು, ಅತಿ ಕಪ್ಪು, ಅತಿ ಬಿಳುಪು, ಅತಿ ದಪ್ಪ, ಅತಿ ತೆಳು. ಪಟ್ಟಿ ಎಂಟರದ್ದಾದರೂ ಗ್ರಂಥ ಲಕ್ಷಣ, ಕಾರಣ, ಚಿಕಿತ್ಸೆಗಳನ್ನು ವಿವರಿಸಲು ಹೊರಡುವುದು ಕೊನೆಯ ಎರಡಕ್ಕೆ ಮಾತ್ರ. ಕಪ್ಪು ಮೈಬಣ್ಣವನ್ನೂ ಗಿಡ್ಡ ಆಳನ್ನೂ ಜನ ಆಡಿಕೊಳ್ಳುತ್ತಾರೆ ಎಂಬುದನ್ನು ವೈದ್ಯ ಬಲ್ಲ, ಹಾಗೆಂದು ಅವಕ್ಕೆ ಔಷಧ ಬರೆಯುವುದಿಲ್ಲ. ಆಯುಸ್ಸು ಕುಂದುವುದು, ಓಡಾಟಕ್ಕೆ ಅಡ್ಡಿಯಾಗುವುದು, ತಡೆಯಲಾಗದ ಹಸಿವು ಬಾಯಾರಿಕೆ, ಬೆವರು, ದುರ್ಗಂಧ ಇವು ಸ್ಥೌಲ್ಯವನ್ನು, ಅಂದರೆ ಅತಿ ದಪ್ಪವನ್ನು, ರೋಗವಾಗಿಸುತ್ತವೆ, ಇತರರ ಕಣ್ಣಲ್ಲ. ಜನರ ನಿಂದೆ ಬೇರೆ, ದೇಹದ ರೋಗ ಬೇರೆ ಎಂಬ ಈ ವಿವೇಕ ಇಂದಿನ ಚರ್ಚೆಗೆ ಸಿಗುವ ಅತ್ಯಂತ ಗಟ್ಟಿಯಾದ ನೆಲೆ. ಸೊಂಟದ ಬದಿಯ ಒಂದು ಹಿಡಿ ಕೊಬ್ಬು ಯಾರ ಆಯುಸ್ಸನ್ನೂ ಕುಂದಿಸುವುದಿಲ್ಲ. ಅದು ಮೊದಲ ಆರರ ಸಾಲಿಗೆ ಸೇರಿದ್ದು, ಕೊನೆಯ ಎರಡರ ಸಾಲಿಗಲ್ಲ.

ಆಯುರ್ವೇದದಲ್ಲಿಯೂ ಕತ್ತಿಯಿಲ್ಲದೆ ಮೇದಸ್ಸನ್ನು ಕುಗ್ಗಿಸುವ ವಿಧಾನವಿದೆ. ಹುರುಳಿಯೇ ಮೊದಲಾದ ಒಣಪುಡಿಗಳನ್ನು ಮೈಗೆ ರೋಮಕ್ಕೆ ಎದುರಾಗಿ ಗಸಗಸ ತಿಕ್ಕುವ ಉದ್ವರ್ತನವನ್ನು ಕರ್ನಾಟಕದ ಆಯುರ್ವೇದ ಆಸ್ಪತ್ರೆಗಳಲ್ಲಿ ಈಗಲೂ ಮಾಡುತ್ತಾರೆ. ಆದರೆ ಅದು ಒಂಟಿಯಾಗಿ ನಿಲ್ಲುವ ಉಪಾಯವಲ್ಲ. ಊಟ, ನಿದ್ದೆ, ವ್ಯಾಯಾಮಗಳ ಬದಲಾವಣೆಯ ಜೊತೆಗೇ ಅದರ ವಿಧಿ. ಇಲ್ಲಿಂದಲೇ ಶೀತ ಚಿಕಿತ್ಸೆಯ ಮೇಲೆ ಅಡ್ಡದಾರಿಯ ಆರೋಪ ಹೊರಿಸುವುದು ಸುಲಭ: ಬೆವರು ಸುರಿಸದೆ ಫಲ ಪಡೆಯುವುದು ಸೋಮಾರಿತನವೆಂದು. ಈ ಆರೋಪ ನ್ಯಾಯವಾದದ್ದಲ್ಲ. ಕೊಬ್ಬು ಎಲ್ಲಿ ಕೂಡಬೇಕೆಂಬುದನ್ನು ವಂಶವೂ ಹಾರ್ಮೋನುಗಳೂ ಬಹುಮಟ್ಟಿಗೆ ನಿರ್ಧರಿಸುತ್ತವೆ. ಇಂಥದ್ದೇ ಜಾಗದ ಕೊಬ್ಬನ್ನು ವ್ಯಾಯಾಮದಿಂದ ಆರಿಸಿ ಕರಗಿಸಲಾಗದು. ನೇಚರ್ ಪತ್ರಿಕೆಯಲ್ಲಿ 2008ರಲ್ಲಿ ಪ್ರಕಟವಾದ ಸ್ವೀಡನ್ನಿನ ಸಂಶೋಧನೆಯ ಪ್ರಕಾರ ವಯಸ್ಕರಲ್ಲಿ ಕೊಬ್ಬಿನ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಸ್ಥಿರ, ತೂಕ ಬಹಳ ಇಳಿದಾಗಲೂ ಕೋಶಗಳು ಕುಗ್ಗುತ್ತವೆಯೇ ಹೊರತು ಇಲ್ಲವಾಗುವುದಿಲ್ಲ. ಅಂದರೆ ಪಥ್ಯ ಮಾಡುವುದೂ ಯಂತ್ರ ಮಾಡುವುದೂ ಬೇರೆ ಬೇರೆ ಕೆಲಸಗಳು. ಒಂದು ಇನ್ನೊಂದರ ಅಡ್ಡದಾರಿಯಾಗಲಾರದು. ಹೊಟ್ಟೆಯೊಳಗಿನ ಕೊಬ್ಬನ್ನು ನಿಜವಾಗಿ ಇಳಿಸುವ ನಡಿಗೆಯನ್ನೂ ಮಿತ ಊಟವನ್ನೂ ಯಂತ್ರದ ನೆಪದಲ್ಲಿ ಬಿಟ್ಟುಬಿಟ್ಟರೆ ಮಾತ್ರ ಅದು ದೇಹಕ್ಕೆ ಮಾಡಿದ ಅಪಚಾರ.

ತಪಸ್ಸಿನ ಪರಂಪರೆಗಳು ದೇಹವನ್ನು ಕೃಶಗೊಳಿಸುವುದನ್ನು ಬಲ್ಲವು. ಜೈನಧರ್ಮದ ಆರು ಬಾಹ್ಯ ತಪಗಳಲ್ಲಿ ಮೊದಲನೆಯದು ಉಪವಾಸ, ಎರಡನೆಯದು ಹೊಟ್ಟೆ ತುಂಬುವ ಮೊದಲೇ ಏಳುವುದು. ಮೈ ತೆಳುವಾಗುವುದು ಅಲ್ಲಿ ಗುರಿಯಲ್ಲ, ದಾರಿಯ ಧೂಳು. ಶ್ರವಣಬೆಳಗೊಳದಲ್ಲಿ 981ರಲ್ಲಿ ಚಾವುಂಡರಾಯ ನಿಲ್ಲಿಸಿದ ಬಾಹುಬಲಿ ಕಾಯೋತ್ಸರ್ಗದಲ್ಲಿ ನಿಂತವನು, ಅಂದರೆ ದೇಹದ ಮಮತೆಯನ್ನು ಬಿಟ್ಟವನು. ಪಾದದ ಬಳಿ ಹುತ್ತ ಬೆಳೆದಿದೆ, ತೊಡೆಗೂ ತೋಳಿಗೂ ಬಳ್ಳಿ ಸುತ್ತಿದೆ, ಅವನಿಗೆ ಅದರ ಪರಿವೆಯಿಲ್ಲ. ವರ್ಷವಿಡೀ ಅನ್ನವಿಲ್ಲದೆ ನಿಂತವನೆಂದು ಪುರಾಣ ಹೇಳಿದರೂ ಶಿಲ್ಪಿ ಎಲುಬು ಎದ್ದ ಮೈಯನ್ನು ಕೆತ್ತಲಿಲ್ಲ. ಭುಜ, ಎದೆ, ಹೊಟ್ಟೆಗಳು ತುಂಬಿ ಶಾಂತವಾಗಿವೆ. ದೇಹವನ್ನು ಬಿಡುವುದಕ್ಕೂ ದೇಹವನ್ನು ದ್ವೇಷಿಸುವುದಕ್ಕೂ ಇರುವ ಅಂತರವನ್ನು ಆ ಕಲ್ಲು ಬಲ್ಲದು. ಹನ್ನೆರಡನೆಯ ಶತಮಾನದ ಶರಣರು ಇನ್ನೊಂದು ಕಡೆಯಿಂದ ಇದೇ ಗೌರವಕ್ಕೆ ಬಂದರು. ಅವರಿಗೆ ದೇಹವೇ ಶಿವನ ಆಲಯ. ಕನ್ನಡಿಯ ಮುಂದೆ ನಿಂತು ತನ್ನ ಸೊಂಟವನ್ನು ಹಿಂಡಿ ಹಳಿದುಕೊಳ್ಳುವ ಮನಸ್ಸಿಗೆ ಈ ಎರಡೂ ನಿಲುವುಗಳಲ್ಲಿ ಆಸರೆ ಸಿಗದು.

ಹಾಗೆಂದು ಅಲಂಕಾರವೇ ತಪ್ಪೆಂದಲ್ಲ. ಗೃಹಸ್ಥನಿಗೆ ಅದು ಒಪ್ಪಿದ ವಿಷಯ. ಬೇಲೂರಿನ ಚೆನ್ನಕೇಶವ ದೇಗುಲದ ಹೊರಗೋಡೆಯಲ್ಲಿ ದರ್ಪಣಸುಂದರಿ ಕನ್ನಡಿ ಹಿಡಿದು ನಿಂತಿದ್ದಾಳೆ. ಶಾಶ್ವತ ಬದಲಾವಣೆಯೂ ಹೊಸದಲ್ಲ: ಮಗುವಿನ ಕಿವಿ ಚುಚ್ಚುವುದು ಸಂಸ್ಕಾರ, ಹಚ್ಚೆ ಹಾಕಿಸಿಕೊಳ್ಳುವುದು ಹಳ್ಳಿಗಳ ಹಳೆಯ ರೂಢಿ. ಇವೆರಡೂ ಗಾಯ ಮಾಡುತ್ತವೆ, ಕೊಬ್ಬಿನ ಚಿಕಿತ್ಸೆಗಿಂತ ಹೆಚ್ಚೇ ಮಾಡುತ್ತವೆ. ಆದರೆ ಕಿವಿ ಚುಚ್ಚುವವರು ಚುಚ್ಚದ ಕಿವಿಯನ್ನು ಕುರೂಪವೆಂದು ಘೋಷಿಸುವುದಿಲ್ಲ; ಇದ್ದದ್ದಕ್ಕೆ ಒಂದನ್ನು ಸೇರಿಸುತ್ತಾರೆ. ಮೈತಿದ್ದುವ ಚಿಕಿತ್ಸೆ ಮಾರಾಟವಾಗಬೇಕಾದರೆ ಮೊದಲು ದೋಷವೊಂದನ್ನು ಹುಟ್ಟಿಸಬೇಕು. ಹೆತ್ತ ತಾಯಿಯ ಹೊಟ್ಟೆ, ನಡುವಯಸ್ಸಿನ ಗಲ್ಲ ಎಲ್ಲವೂ ತಿದ್ದಬೇಕಾದ ತಪ್ಪುಗಳಾಗಿ ಜಾಹೀರಾತಿನಲ್ಲಿ ಕಾಣಿಸಿಕೊಳ್ಳುತ್ತವೆ. ತನ್ನ ಸಂತೋಷಕ್ಕಾಗಿ, ಮಿತಿ ತಿಳಿದು ಈ ಚಿಕಿತ್ಸೆ ಪಡೆಯುವ ವ್ಯಕ್ತಿಯನ್ನು ದೂರುವುದಕ್ಕೆ ಕಾರಣ ಕಡಿಮೆ. ಆಕ್ಷೇಪ ಸಲ್ಲಬೇಕಾದದ್ದು ನಾಚಿಕೆಯನ್ನು ಬಿತ್ತಿ ಫಸಲು ತೆಗೆಯುವ ವ್ಯವಹಾರಕ್ಕೆ.

ಇಷ್ಟಾದ ಮೇಲೆ ಸತ್ಯ ಹೇಳುವ ಹೊಣೆ ವೈದ್ಯನದು. ಅಪಾಯವಿಲ್ಲ ಎಂಬ ಮಾತು ಸುಳ್ಳು. ಶೀತ ಚಿಕಿತ್ಸೆಯ ನಂತರ ವಿರಳವಾಗಿ ಕೊಬ್ಬು ಕರಗುವ ಬದಲು ಬೆಳೆಯುತ್ತದೆ, ಉಪಕರಣದ ಅಚ್ಚಿನಲ್ಲೇ ಗಟ್ಟಿಯಾಗಿ ಉಬ್ಬುತ್ತದೆ. 2014ರಿಂದ ವೈದ್ಯಕೀಯ ಪತ್ರಿಕೆಗಳಲ್ಲಿ ಇದರ ವರದಿಗಳಿವೆ, ರೂಪದರ್ಶಿ ಲಿಂಡಾ ಇವಾಂಜೆಲಿಸ್ಟಾ 2021ರಲ್ಲಿ ತನಗೆ ಹೀಗಾಯಿತೆಂದು ಬಹಿರಂಗವಾಗಿ ಹೇಳಿಕೊಂಡರು. ಅದು ತಾನಾಗಿ ಇಳಿಯುವುದಿಲ್ಲ, ಸರಿಪಡಿಸಲು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಬೇಕು. ಕತ್ತಿಯನ್ನು ತಪ್ಪಿಸಲೆಂದು ಬಂದವರು ಕತ್ತಿಯ ಬಳಿಗೇ ಹೋಗಬೇಕಾದೀತು ಎಂಬುದನ್ನು ಮೊದಲೇ ಹೇಳದೆ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಚುಚ್ಚುಮದ್ದಿನಿಂದ ಬಾವು ಬರುವುದು ಸಾಮಾನ್ಯ, ದವಡೆಯ ನರಕ್ಕೆ ಪೆಟ್ಟಾಗಿ ನಗು ಕೆಲಕಾಲ ಓರೆಯಾಗುವುದುಂಟು. ಶಾಖದ ವಿಧಾನಗಳಲ್ಲಿ ಸುಟ್ಟಗಾಯದ ಸಂಭವವಿದೆ. ಚಳಿ ತಾಕಿದರೆ ದದ್ದು ಏಳುವವರಿಗೆ, ಶೀತಕ್ಕೆ ರಕ್ತದ ಪ್ರೋಟೀನು ಗಡ್ಡೆಕಟ್ಟುವ ಕಾಯಿಲೆಯವರಿಗೆ ಶೀತ ಚಿಕಿತ್ಸೆ ಕೂಡದು. ಇನ್ನು ಕೆಲವರಿಗೆ ತೊಂದರೆ ಮೈಯಲ್ಲಿ ಇರುವುದೇ ಇಲ್ಲ. ಇತರರ ಕಣ್ಣಿಗೆ ಬೀಳದ ಊನವೊಂದು ಅವರ ಮನಸ್ಸನ್ನು ಹಗಲೂ ರಾತ್ರಿ ತಿನ್ನುತ್ತಿರುತ್ತದೆ. ವೈದ್ಯಶಾಸ್ತ್ರ ಇದನ್ನು ದೇಹರೂಪದ ಮನೋವ್ಯಾಧಿಯೆಂದು ಗುರುತಿಸಿದೆ. ಇಂಥವರಿಗೆ ಎಷ್ಟು ಸಲ ಚಿಕಿತ್ಸೆ ಮಾಡಿದರೂ ತೃಪ್ತಿ ಬರುವುದು ಅಪರೂಪ, ಕೊರಗು ಮತ್ತೊಂದು ಜಾಗಕ್ಕೆ ಸರಿಯುತ್ತದೆ. ಅವರನ್ನು ಮೊದಲ ಭೇಟಿಯಲ್ಲೇ ಗುರುತಿಸಿ, ಯಂತ್ರದ ಕೋಣೆಗೆ ಕರೆದೊಯ್ಯದೆ, ಮನೋವೈದ್ಯರ ಬಳಿಗೆ ಕಳಿಸುವುದು ವೈದ್ಯನ ಕರ್ತವ್ಯ.