ಯಾರೂ ದೂರು ಕೊಡದ ನಷ್ಟ

ಸ್ಕ್ವಾಷ್ ಕೋರ್ಟಿನ ಉದ್ದ 9.75 ಮೀಟರ್, ಅಗಲ 6.4 ಮೀಟರ್. ಗುಣಿಸಿದರೆ 62.4 ಚದರ ಮೀಟರ್. ಇಷ್ಟು ಜಾಗದಲ್ಲಿ ಒಂದು ಹೊತ್ತಿಗೆ ಆಡುವವರು ಇಬ್ಬರೇ. ಅದೇ ಕೋಣೆಯಲ್ಲಿ ಟ್ರೆಡ್‌ಮಿಲ್‌ಗಳನ್ನು ಸಾಲಾಗಿ ಇಟ್ಟರೆ ಹತ್ತು ಹನ್ನೆರಡು ಜನ ಬೆವರು ಸುರಿಸಬಹುದು, ಅಷ್ಟೂ ಜನರಿಂದ ತಿಂಗಳ ಶುಲ್ಕ ವಸೂಲಿ ಮಾಡಬಹುದು. ಬ್ರಿಟನ್, ಆಸ್ಟ್ರೇಲಿಯಾದಂಥ ದೇಶಗಳಲ್ಲಿ 1970, 80ರ ದಶಕಗಳಲ್ಲಿ ತುಂಬಿ ತುಳುಕುತ್ತಿದ್ದ ಕೋರ್ಟ್‌ಗಳು ಆಮೇಲೆ ಒಂದೊಂದಾಗಿ ಬಾಗಿಲು ಹಾಕಿದ್ದಕ್ಕೆ ಪಿತೂರಿ ಏನೂ ಬೇಕಿರಲಿಲ್ಲ. ಈ ಗುಣಾಕಾರ, ಅದರ ಜೊತೆಗೆ ಏರುತ್ತಿದ್ದ ನಿವೇಶನದ ಬೆಲೆ, ಬಹುಮಟ್ಟಿಗೆ ಇವೆರಡೇ ಸಾಕಾದವು. ಆಟದ ಮೇಲೆ ಪ್ರೀತಿಯಿರುವವರು ಮುಚ್ಚಿದ ಕೋರ್ಟ್‌ಗಳ ಲೆಕ್ಕ ಇಡುತ್ತಾರೆ. ಯಾವ ಊರು, ಎಷ್ಟು ಕೋರ್ಟ್, ಈಗ ಅಲ್ಲಿ ಏನಿದೆ. ಇಂಥ ಪಟ್ಟಿ ನಿಜಕ್ಕೂ ಏನನ್ನು ಎಣಿಸುತ್ತದೆ ಎಂಬುದು ನನ್ನ ಪ್ರಶ್ನೆ.

ನಾನು ಸ್ಕ್ವಾಷ್ ಆಡಿದವಳಲ್ಲ. ನಷ್ಟ ಎಂಬ ಪರಿಕಲ್ಪನೆಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ, ಆ ದಾರಿಯಲ್ಲಿ ಇದು ಸಿಕ್ಕಿತು. ನೀತಿಶಾಸ್ತ್ರದಲ್ಲಿ ಹಳೆಯ ತಕರಾರೊಂದಿದೆ: ನಷ್ಟ ಎನ್ನಬೇಕಾದರೆ ಅದು ಯಾರಿಗಾದರೂ ಆಗಿರಬೇಕು. ಕಳೆದುಕೊಂಡವರನ್ನು ತೋರಿಸಲಾಗದಿದ್ದರೆ ನೀವು ಹೇಳುತ್ತಿರುವುದು ಬರೀ ಹಳಹಳಿಕೆ. ಕೋರ್ಟ್ ಮುಚ್ಚಿದಾಗ ಕಳೆದುಕೊಂಡವರು ಯಾರು? ವಾರಕ್ಕೆ ಎರಡು ಸಂಜೆ ಬರುತ್ತಿದ್ದ ನಡುವಯಸ್ಸಿನ ನಾಲ್ಕಾರು ಜನ. ಅವರಿಗೆ ಶುಲ್ಕ ವಾಪಸು ಕೊಡಬಹುದು, ಪಕ್ಕದ ಊರಿನ ಕೋರ್ಟ್ ತೋರಿಸಬಹುದು. ಆಡಳಿತ ಮಂಡಳಿಗಳು ಮಾಡುವುದೂ ಇದನ್ನೇ. ಅಲ್ಲಿಗೆ ಲೆಕ್ಕ ಚುಕ್ತಾ.

ಹೆದರ್ ಮೆಕೇಯ ಕಥೆ ಓದುವವರೆಗೆ ನನಗೂ ಈ ವಾದ ಗಟ್ಟಿಯಾಗಿಯೇ ಕಂಡಿತ್ತು. ಆಸ್ಟ್ರೇಲಿಯಾದ ಕ್ವೀನ್‌ಬಿಯನ್ ಎಂಬ ಸಣ್ಣ ಊರಿನ ಹುಡುಗಿ. ಅವಳ ಆಟ ಹಾಕಿ. ಹಾಕಿಗೆ ಮೈ ಹುರಿಯಾಗಿರಲಿ ಎಂದು ಸ್ಕ್ವಾಷ್ ಕೋರ್ಟಿಗೆ ಹೋದಳು. ಮುಂದೆ 1962ರಿಂದ 1977ರವರೆಗೆ ಸತತ 16 ಬಾರಿ ಬ್ರಿಟಿಷ್ ಓಪನ್ ಗೆದ್ದಳು. ಇಡೀ ಆಟದ ಬದುಕಿನಲ್ಲಿ ಸೋತದ್ದು ಎರಡೇ ಪಂದ್ಯ. ಆಡಲು ಹತ್ತಿರದಲ್ಲಿ ಕೋರ್ಟೇ ಇರದಿದ್ದರೆ? ಅವಳು ಒಳ್ಳೆಯ ಹಾಕಿ ಆಟಗಾರ್ತಿಯಾಗಿ ಸುಖವಾಗಿಯೇ ಇರುತ್ತಿದ್ದಳೇನೋ. ಏನೋ ತಪ್ಪಿಹೋಯಿತು ಎಂದು ಅವಳಿಗೂ ಅನಿಸುತ್ತಿರಲಿಲ್ಲ, ಊರಿಗೂ ಅನಿಸುತ್ತಿರಲಿಲ್ಲ. ಬಾಗಿಲು ಹಾಕಿದ ಕೋರ್ಟಿನ ಪಟ್ಟಿಯಲ್ಲಿ ಕಾಣಿಸದವರು ಇವರೇ. ನಾಳೆ ಅಕಸ್ಮಾತ್ತಾಗಿ ಒಳಗೆ ಕಾಲಿಡಬಹುದಾಗಿದ್ದವರು. ಸಂಜೆಯ ನಾಲ್ಕಾರು ಜನ ಅರ್ಜಿ ಬರೆಯಬಲ್ಲರು, ಸಹಿ ಸಂಗ್ರಹಿಸಬಲ್ಲರು. ಇವರು ಬರೆಯಲಾರರು, ಏಕೆಂದರೆ ಏನು ಕಳೆದಿದೆ ಎಂದು ಇವರಿಗೆ ಗೊತ್ತೇ ಆಗುವುದಿಲ್ಲ.

ಇದು ದೂರದ ಮಾತಲ್ಲ. ನಾನು ಎಂ.ಎ. ಓದಿದ ಕಡೆ ಕ್ರೀಡಾ ವಿಭಾಗದ ಹಿಂದೆ ಎತ್ತರದ ಕೋಣೆಯೊಂದಿತ್ತು. ಅದರ ತುಂಬ ಹಳೆಯ ಉತ್ತರಪತ್ರಿಕೆಗಳ ಕಟ್ಟು. ಎರಡು ವರ್ಷ ಅದರ ಮುಂದೆ ಓಡಾಡಿದೆ. ಬಾಗಿಲ ಸಂದಿಯಿಂದ ಕಾಣುತ್ತಿದ್ದ ಗೋಡೆಯ ಕೆಂಪು ಗೆರೆಗಳು ಯಾರೋ ಅರ್ಧಕ್ಕೆ ಬಿಟ್ಟ ಬಣ್ಣದ ಕೆಲಸ ಅಂದುಕೊಂಡಿದ್ದೆ. ನನಗೇನಾದರೂ ನಷ್ಟವಾಯಿತೇ? ಆಗಿಲ್ಲ ಎನ್ನಲು ನನ್ನಲ್ಲಿ ಆಧಾರವಿಲ್ಲ, ಆಗಿದೆ ಎನ್ನಲೂ ಇಲ್ಲ.

ಇಲ್ಲಿ ಯಾರಾದರೂ ತಡೆದು ಕೇಳಬೇಕು: ಹಾಗಾದರೆ ಎಂದೂ ಕಟ್ಟದ ಕೋರ್ಟೂ ನಷ್ಟವೇ? ನನ್ನೂರಿನಲ್ಲಿ ಸ್ಕ್ವಾಷ್ ಎಂಬ ಪದವನ್ನೇ ಯಾರೂ ಕೇಳಿರಲಿಲ್ಲ. ಅದಕ್ಕೆ ಯಾರನ್ನು ದೂರುವುದು? ಈ ಪ್ರಶ್ನೆಗೆ ನನ್ನ ಉತ್ತರ ಅರ್ಧಂಬರ್ಧ. ಇರುವ ಕೋರ್ಟ್ ಬರೀ ನಾಲ್ಕು ಗೋಡೆಯಲ್ಲ. ಅದರ ಸುತ್ತ ರ‍್ಯಾಕೆಟ್ಟಿಗೆ ಗಟ್ಟಿಂಗ್ ಹಾಕುವವನಿದ್ದಾನೆ, ಹೊಸಬರಿಗೆ ಕೈ ತಿದ್ದುವವಳಿದ್ದಾಳೆ, ಜೊತೆ ಸಿಗದವರಿಗೆ ಜೊತೆ ಹುಡುಕಿಕೊಡುವ ಗೋಡೆಯ ಮೇಲಿನ ಹೆಸರುಪಟ್ಟಿ ಇದೆ. ಸ್ಕ್ವಾಷ್‌ನಲ್ಲಿ ಎದುರಾಳಿಗಳು ಎದುರುಬದುರು ನಿಲ್ಲುವುದಿಲ್ಲ. ಇಬ್ಬರೂ ಒಂದೇ ಗೋಡೆಗೆ ಮುಖ ಮಾಡಿ, ಒಂದೇ ಜಾಗದಲ್ಲಿ, ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುತ್ತಾ ಆಡುತ್ತಾರೆ. ದಾರಿ ಬಿಡುವ ಈ ಕಲೆ ಪುಸ್ತಕದಿಂದ ಬರುವಂಥದ್ದಲ್ಲ, ಮೈಯಿಂದ ಮೈಗೆ ದಾಟಬೇಕು. ಕಟ್ಟದೇ ಇರುವುದು ಕೊಡದಿರುವುದು. ಮುಚ್ಚುವುದು ಕೈಯಿಂದ ಕೈಗೆ ಹೋಗುತ್ತಿದ್ದುದನ್ನು ನಡುವೆ ತುಂಡರಿಸುವುದು. ಎರಡರ ಹೊಣೆಯೂ ಒಂದೇ ತೂಕದ್ದಲ್ಲ ಎಂಬಷ್ಟನ್ನು ನಾನು ಒಪ್ಪುತ್ತೇನೆ.

ಆದರೆ ಬಾಗಿಲು ತೆರೆದಿದ್ದ ಮಾತ್ರಕ್ಕೆ ಎಲ್ಲರಿಗೂ ತೆರೆದಿತ್ತು ಎನ್ನಬಾರದು. ಈ ಆಟದ ಹಿರಿಯಣ್ಣ ರ‍್ಯಾಕೆಟ್ಸ್ ಬೆಳೆದದ್ದು ಲಂಡನ್ನಿನ ಸಾಲಗಾರರ ಜೈಲುಗಳ ಗೋಡೆಗಳ ಮೇಲೆ. 19ನೇ ಶತಮಾನದಲ್ಲಿ ಹ್ಯಾರೋ ಶಾಲೆಯ ಸಿರಿವಂತ ಹುಡುಗರು ಮೆತ್ತನೆಯ ರಬ್ಬರ್ ಚೆಂಡು ಹಿಡಿದು ಅದನ್ನು ಸ್ಕ್ವಾಷ್ ಮಾಡಿದರು. ಅಲ್ಲಿಂದ ಅದು ಸಾಹೇಬರ ಕ್ಲಬ್ಬುಗಳಿಗೆ ಬಂತು. ಪೇಶಾವರದಲ್ಲಿ ಬ್ರಿಟಿಷ್ ಅಧಿಕಾರಿಗಳ ಕೋರ್ಟಿಗೆ ಸೂರಿರಲಿಲ್ಲ. ಗೋಡೆ ಹಾರಿ ಹೊರಬಿದ್ದ ಚೆಂಡು ಹೆಕ್ಕಿ ಕೊಡುತ್ತಿದ್ದ ಹುಡುಗ ಹಾಶಿಮ್ ಖಾನ್, ಬಿಸಿಲಿಗೆ ಅಧಿಕಾರಿಗಳು ಒಳಗೆ ಹೋದ ಹೊತ್ತಿನಲ್ಲಿ ಆಡಿ ಕಲಿತ. ಮುಂದೆ 1951ರಲ್ಲಿ ಬ್ರಿಟಿಷ್ ಓಪನ್ ಗೆದ್ದ. ಅಂಥ ಕ್ಲಬ್ಬೊಂದು ಇಂದು ಮುಚ್ಚಿದರೆ ನಾನು ಕಣ್ಣೀರು ಹಾಕಲಾರೆ. ಆದರೂ ಆ ಗೋಡೆ ಅಲ್ಲಿಲ್ಲದಿದ್ದರೆ ಹಾಶಿಮ್ ಇರುತ್ತಿರಲಿಲ್ಲ. ಕಟ್ಟಿದವರ ಉದ್ದೇಶವನ್ನು ಮೀರಿ ಜಾಗಗಳು ಯಾರ‍್ಯಾರಿಗೋ ಒದಗುತ್ತವೆ.

ಖಾಲಿ ಬಿದ್ದ ಜಾಗ ಬೇರೆ ಕೆಲಸಕ್ಕೂ ಒದಗುತ್ತದೆ. ಷಿಕಾಗೊ ವಿಶ್ವವಿದ್ಯಾಲಯ 1939ರಲ್ಲಿ ಫುಟ್‌ಬಾಲ್ ತಂಡವನ್ನು ಕೈಬಿಟ್ಟ ಮೇಲೆ ಸ್ಟ್ಯಾಗ್ ಫೀಲ್ಡ್ ಕ್ರೀಡಾಂಗಣಕ್ಕೆ ಕೆಲಸವಿರಲಿಲ್ಲ. ಅದರ ಮೆಟ್ಟಿಲುಗಳ ಕೆಳಗೆ, ಸ್ಕ್ವಾಷ್ ಕೋರ್ಟ್ ಎಂದೇ ಹೆಸರಾದ ಕೋಣೆಯಲ್ಲಿ, 1942ರ ಡಿಸೆಂಬರ್ 2ರಂದು ಎನ್ರಿಕೊ ಫರ್ಮಿ ಮತ್ತು ಸಂಗಡಿಗರು ಮನುಷ್ಯ ನಿರ್ಮಿಸಿದ ಮೊದಲ ಪರಮಾಣು ಸರಣಿ ಕ್ರಿಯೆಯನ್ನು ನಡೆಸಿದರು. ಜಗತ್ತಿನ ಅತಿ ಪ್ರಸಿದ್ಧ ಸ್ಕ್ವಾಷ್ ಕೋರ್ಟ್ ಅದು, ಅದರ ಖ್ಯಾತಿಗೂ ಸ್ಕ್ವಾಷ್‌ಗೂ ಸಂಬಂಧವಿಲ್ಲ. ‘ಉಪಯೋಗಕ್ಕೆ ಬಾರದ ಜಾಗ’ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಈ ಕೋಣೆ ನೆನಪಾಗುತ್ತದೆ.

2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ, 2028ರ ಲಾಸ್ ಏಂಜಲೀಸ್ ಕ್ರೀಡಾಕೂಟಕ್ಕೆ ಸ್ಕ್ವಾಷನ್ನು ಸೇರಿಸಿಕೊಂಡಿತು. ಈಗ ದೊಡ್ಡ ಪಂದ್ಯಗಳು ನಡೆಯುವುದು ಗಾಜಿನ ಕೋರ್ಟ್‌ನಲ್ಲಿ. ಗೀಜಾದ ಪಿರಮಿಡ್ಡುಗಳ ಎದುರು, ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದೊಳಗೆ, ಎಲ್ಲಿ ಬೇಕೆಂದರಲ್ಲಿ ಜೋಡಿಸುತ್ತಾರೆ. ನೋಡಲು ಬಲು ಚೆಂದ. ಪಂದ್ಯ ಮುಗಿದ ಮೇಲೆ ಬಿಚ್ಚಿ, ಲಾರಿಗೆ ತುಂಬಿ ಒಯ್ಯುತ್ತಾರೆ. ಕೋರ್ಟ್ ಕಳೆದುಕೊಂಡ ಯಾವುದೋ ಊರಿನಲ್ಲಿ ಹುಡುಗಿಯೊಬ್ಬಳು ಅದನ್ನು ಟಿ.ವಿ.ಯಲ್ಲಿ ನೋಡಿ, ಇದನ್ನು ಎಲ್ಲಿ ಆಡುತ್ತಾರೆ ಎಂದು ಅಮ್ಮನನ್ನು ಕೇಳಬಹುದು. ಅಮ್ಮ ಬಹುಶಃ ಲಾಸ್ ಏಂಜಲೀಸ್ ಎನ್ನುತ್ತಾಳೆ.