ಕೇಳಲಿಲ್ಲ, ಹೇಳಲಿಲ್ಲ

ಗಂಡುಹುಡುಗರಿಗೆ ಸಿಂಗಾರದ ಹುಚ್ಚಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸೀರೆಯ ಅಂಚಿಗೆ ಹೊಂದುವ ರವಿಕೆ ಬಟ್ಟೆಗಾಗಿ ನಾವು ನಾಲ್ಕು ಅಂಗಡಿ ಹತ್ತಿಳಿದರೆ ಮನೆಯ ಗಂಡಸರು ಗಡಿಯಾರ ನೋಡಿಕೊಳ್ಳುತ್ತಾರೆ. ಅದೇ ಗಂಡಸರು ಕಾರಿನ ಚಕ್ರಕ್ಕಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಅಲೆದರೂ ಅದು ಸಿಂಗಾರವಲ್ಲ, ‘ಟೆಕ್ನಿಕಲ್’ ವಿಷಯ! ನನ್ನ ಅಣ್ಣನ ಮಗನ ಪೋಲೊ ಕಾರಿನ ದೆಸೆಯಿಂದ ಈ ಟೆಕ್ನಿಕಲ್ ವಿಷಯ ನನಗೂ ಅಷ್ಟಿಷ್ಟು ತಲೆಗೆ ಹತ್ತಿತು.

ಫೋಕ್ಸ್‌ವ್ಯಾಗನ್ ಕಂಪನಿಯವರು 2013ರಲ್ಲಿ ನಮ್ಮ ದೇಶದಲ್ಲಿ ಬಿಟ್ಟ ಪೋಲೊ ಜಿಟಿ ಟಿಎಸ್‌ಐ ನೋಡುವುದಕ್ಕೆ ಪುಟ್ಟ ಕಾರು. ಒಳಗಿರುವುದು 1.2 ಲೀಟರಿನ ಟರ್ಬೊ ಎಂಜಿನ್, 105 ಅಶ್ವಶಕ್ತಿ. ಗಾತ್ರ ಚಿಕ್ಕದು, ಖಾರ ಜಾಸ್ತಿ, ಜೀರಿಗೆ ಮೆಣಸಿನ ಹಾಗೆ. 2022ರಲ್ಲಿ ಇಲ್ಲಿ ಪೋಲೊ ತಯಾರಿಕೆಯೇ ನಿಂತಿತು. ನಮ್ಮ ಹುಡುಗ ಸೆಕೆಂಡ್‌ಹ್ಯಾಂಡಿನಲ್ಲಿ ಒಂದನ್ನು ಹುಡುಕಿ ಕೊಂಡ. ಆರು ತಿಂಗಳಿಗೆ ಹೊಸ ಅಲಾಯ್ ಚಕ್ರಗಳು ಬಂದವು. ಬಂದ ಮೇಲೆ ಹೊಸದೊಂದು ಕೊರಗು ಶುರುವಾಯಿತು. ಚಕ್ರಗಳು ಮಡ್‌ಗಾರ್ಡಿನೊಳಗೆ ಅಡಗಿ ಕೂತಿವೆಯಂತೆ, ಸ್ವಲ್ಪ ಹೊರಗೆ ಬಂದರೆ ಕಾರಿಗೆ ಗತ್ತು ಬರುತ್ತದಂತೆ. ಅದಕ್ಕೆ ಸ್ಪೇಸರ್ ಹಾಕಿಸಬೇಕಂತೆ.

ಸ್ಪೇಸರ್ ಎಂದರೆ ದೊಡ್ಡ ಯಂತ್ರವೇನಲ್ಲ. ನಡುವೆ ತೂತಿರುವ ಅಲ್ಯೂಮಿನಿಯಂ ಬಿಲ್ಲೆ ಅಷ್ಟೆ. ಚಕ್ರ ಕೂರುವ ಹಬ್ಬಿಗೂ ಚಕ್ರಕ್ಕೂ ನಡುವೆ ಅದನ್ನು ಇಡುತ್ತಾರೆ. ಬಿಲ್ಲೆ 10 ಮಿಲಿಮೀಟರ್ ದಪ್ಪವಿದ್ದರೆ ಆ ಚಕ್ರ ಅಷ್ಟೇ ಹೊರಗೆ ಬರುತ್ತದೆ. ಎರಡೂ ಬದಿಗೆ ಹಾಕಿದರೆ ಎಡಚಕ್ರಕ್ಕೂ ಬಲಚಕ್ರಕ್ಕೂ ನಡುವಿನ ಅಗಲ 20 ಮಿಲಿಮೀಟರ್ ಹೆಚ್ಚುತ್ತದೆ. ಕಾರು ಕಾಲಗಲಿಸಿ ನಿಂತ ಪೈಲ್ವಾನನ ಹಾಗೆ ಕಾಣುತ್ತದೆ. ನಿಜ ಹೇಳಬೇಕೆಂದರೆ, ಚೆನ್ನಾಗಿಯೇ ಕಾಣುತ್ತದೆ.

ಆದರೆ ಬಿಂದಿಗೆಯನ್ನು ಸೊಂಟದ ಮೇಲೆ ಇಟ್ಟುಕೊಂಡು ನಡೆಯುವುದಕ್ಕೂ ಕೈ ಚಾಚಿ ಹಿಡಿದು ನಡೆಯುವುದಕ್ಕೂ ವ್ಯತ್ಯಾಸ ನಮಗೆ ಗೊತ್ತು. ನೀರು ಅಷ್ಟೇ, ತೋಳಿಗೆ ಬೀಳುವ ಭಾರ ಬೇರೆ. ಚಕ್ರ ಹೊರಗೆ ಸರಿದಷ್ಟೂ ಒಳಗಿನ ಬೇರಿಂಗಿನ ಮೇಲೆ ಎಳೆತ ಹೆಚ್ಚು. ಮನೆಮಂದಿಯೆಲ್ಲ ಕೂತು ಕಾರು ತಗ್ಗಿದಾಗ ಟೈರು ಮಡ್‌ಗಾರ್ಡಿಗೆ ಉಜ್ಜುವ ಸಂಭವವೂ ಉಂಟು. ಇನ್ನು ನಡುವಿನ ತೂತಿನ ವಿಚಾರ. ಬೀಸುವ ಕಲ್ಲಿನ ನಡುಗೂಟ ಮೇಲಿನ ಕಲ್ಲಿಗೆ ಸರಿಯಾಗಿ ಕೂತಿಲ್ಲದಿದ್ದರೆ ಕಲ್ಲು ಓಲಾಡುತ್ತದಲ್ಲ, ಇಲ್ಲಿಯೂ ಹಾಗೆಯೇ. ಪೋಲೊ ಹಬ್ಬಿನ ನಡುವೆ 57.1 ಮಿಲಿಮೀಟರಿನ ಉಬ್ಬು ಇದೆ. ಚಕ್ರ ಅದರ ಮೇಲೆ ಬಿಗಿಯಾಗಿ ಕೂರಬೇಕು. ಬಿಲ್ಲೆ ಇಟ್ಟರೆ ಆ ಉಬ್ಬು ಮುಚ್ಚಿಹೋಗುತ್ತದೆ. ಒಳ್ಳೆಯ ಸ್ಪೇಸರಿಗೆ ತನ್ನದೇ ಉಬ್ಬು ಇರುತ್ತದೆ, ಅಗ್ಗದ್ದಕ್ಕೆ ಎಷ್ಟೋ ಸಲ ಇರುವುದಿಲ್ಲ. ಚಕ್ರ ಹಾಕಿದ ಮೇಲೆ ಒಳಗಿರುವುದು ಯಾವುದು ಎಂದು ಹೊರಗಿನಿಂದ ಯಾರಿಗೂ ಕಾಣಿಸದು.

“ನಿನ್ನ ಸಿಂಗಾರಕ್ಕೆ ದಾರಿಯಲ್ಲಿ ಹೋಗುವವರ ತಲೆ ಯಾಕೆ ಪಣಕ್ಕಿಡ್ತೀಯೋ?” ಎಂದೆ.

“ಅತ್ತೆ, ನನ್ನ ದುಡ್ಡು, ನನ್ನ ಕಾರು. ನೀವು ಹೈಹೀಲ್ಡ್ ಹಾಕ್ಕೊಂಡು ಮದುವೆಮನೆಗೆ ಹೋದಾಗ ನಾನೇನಾದ್ರೂ ಅಂದಿದ್ದೀನಾ?”

ಹೈಹೀಲ್ಡ್ ಹಾಕಿ ನಾನು ಬಿದ್ದರೆ ನನ್ನ ಕಾಲು ಉಳುಕುತ್ತದೆ. ಕಾರಿನ ಚಕ್ರ ಕಳಚಿದರೆ ಅದು ಯಾರ ಕಡೆಗೆ ಉರುಳಬೇಕೆಂದು ಮಾಲೀಕನನ್ನು ಕೇಳುವುದಿಲ್ಲ. ಕಾನೂನೂ ಅವನ ಪರವಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಹಿಡಿದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಾಯಿಸಕೂಡದೆಂದು ಹೇಳಿದೆ. “ಪೊಲೀಸಿನವರು ಬಗ್ಗಿ ಚಕ್ರದ ಹಿಂದೆ ನೋಡಲ್ಲ ಅತ್ತೆ” ಎಂಬುದು ಅವನ ಸಮಾಧಾನ. ನಮ್ಮಲ್ಲಿ ಅರ್ಧ ಕಾನೂನಿನ ಗತಿ ಇದೇ ತಾನೇ?

ಆದರೂ ಹುಡುಗ ಬೇಜವಾಬ್ದಾರಿಯವನೆಂದು ಹೇಳಲಾರೆ. ಉಬ್ಬಿರುವ ಒಳ್ಳೆಯ ಸ್ಪೇಸರನ್ನೇ ತಂದ. ಬಿಲ್ಲೆಯ ದಪ್ಪಕ್ಕೆ ತಕ್ಕಷ್ಟು ಉದ್ದದ ಬೋಲ್ಟುಗಳನ್ನು ತಂದ. ಅಳತೆ ತೋರಿಸುವ ಟಾರ್ಕ್ ರೆಂಚಿನಿಂದ ಬಿಗಿದ, ಐವತ್ತು ಕಿಲೋಮೀಟರ್ ಓಡಿಸಿ ಮತ್ತೆ ಪರೀಕ್ಷಿಸಿದ. ಇಷ್ಟು ಜಾಗ್ರತೆಯಿಂದ ಅವನು ಗ್ಯಾಸ್ ಸಿಲಿಂಡರ್ ಬದಲಾಯಿಸಿದ್ದನ್ನೂ ನಾನು ಕಂಡಿಲ್ಲ. ಅವನೇ ಓಡಿಸಿದ ಎರಡು ವರ್ಷ ಏನೂ ಆಗಲಿಲ್ಲ.

ನನ್ನ ಮನಸ್ಸು ಕುಟುಕತೊಡಗಿದ್ದು ಅವನು ಕಾರು ಮಾರಲು ಹೊರಟಾಗ. ನೋಡಲು ಬಂದವರು ಹಾಸನದ ಕಾಲೇಜೊಂದರ ಅಧ್ಯಾಪಕಿ. ಇಬ್ಬರು ಮಕ್ಕಳು, ಶನಿವಾರ ಸಕಲೇಶಪುರದ ತವರಿಗೆ ತಾವೇ ಓಡಿಸಿಕೊಂಡು ಹೋಗುವವರು. ಚಕ್ರ ನೋಡಿ “ಚೆನ್ನಾಗಿದೆ” ಎಂದರು. ಇವನು ನಕ್ಕ. ಸ್ಪೇಸರಿನ ಮಾತೆತ್ತಲಿಲ್ಲ. ಇನ್ನೊಂದು ಸಲ ಬಂದು ಮಾತು ಮುಗಿಸುತ್ತೇನೆಂದು ಹೇಳಿ ಅವರು ಹೊರಟರು.

“ಯಾಕೋ ಹೇಳಲಿಲ್ಲ?” ಎಂದರೆ, “ಅವರು ಕೇಳಲಿಲ್ಲವಲ್ಲ ಅತ್ತೆ. ಕೇಳಿದ್ರೆ ಸುಳ್ಳು ಹೇಳ್ತಿರಲಿಲ್ಲ” ಎಂದ.

ಈ ಮಾತು ನನಗೆ ಹೊಸದಲ್ಲ, ನಿಮಗೂ ಹೊಸದಲ್ಲ. ಎಷ್ಟು ಮದುವೆಗಳ ಹಿಂದೆ ಇದನ್ನು ಕೇಳಿಲ್ಲ! ಹುಡುಗನಿಗೆ ಮೂರ್ಛೆ ಬರುತ್ತಿತ್ತು. ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ಮನೆಯ ಮೇಲೆ ಸಾಲವಿತ್ತು, ಕೇಳಲಿಲ್ಲ, ಹೇಳಲಿಲ್ಲ. ಹೇಳಿದವರಿಗೆ ಅದು ಸುಳ್ಳೆಂದು ಒಂದು ದಿನವೂ ಅನ್ನಿಸುವುದಿಲ್ಲ. ಬಾಯಿಂದ ಸುಳ್ಳು ಬಂದಿಲ್ಲವಲ್ಲ! ಆದರೆ ಕೇಳಬೇಕಾದರೆ ಕೇಳಬೇಕಾದದ್ದು ಒಂದಿದೆ ಎಂದಾದರೂ ಗೊತ್ತಿರಬೇಡವೇ? ಸ್ಪೇಸರ್ ಎಂಬ ವಸ್ತು ಲೋಕದಲ್ಲಿದೆ ಎಂದೇ ಅರಿಯದ ಆಕೆ “ಚಕ್ರದ ಹಿಂದೆ ಬಿಲ್ಲೆ ಇದೆಯೇನಪ್ಪ?” ಎಂದು ಹೇಗೆ ಕೇಳಿಯಾರು?

ಹಾಗಾದರೆ ಮಾರುವವರು ಎಲ್ಲವನ್ನೂ ಹೇಳಬೇಕೇ ಎಂದರೆ, ಅದೂ ಆಗದ ಮಾತು. ಬಾಗಿಲಿನ ಗೀರನ್ನು ಕೊಳ್ಳುವವರ ಕಣ್ಣೇ ಕಂಡುಹಿಡಿಯುತ್ತದೆ, ಸೀಟು ಹರಿದಿದ್ದರೆ ಕೈಗೆ ತಿಳಿಯುತ್ತದೆ. ಅವರು ಚೌಕಾಸಿ ಮಾಡಲಿ, ಇವನು ಜಗ್ಗಾಡಲಿ, ಅದು ವ್ಯಾಪಾರ. ಈ ಬಿಲ್ಲೆ ಆ ಜಾತಿಯದಲ್ಲ. ಆಕೆ ಶಿರಾಡಿ ರಸ್ತೆಯಲ್ಲಿ ಪಂಕ್ಚರ್ ಆಗಿ ನಿಂತರು ಎನ್ನಿ. ಯಾರೋ ಪುಣ್ಯಾತ್ಮರು ಬಂದು ಡಿಕ್ಕಿಯ ಸ್ಟೆಪ್ನಿ ಹಾಕಿಕೊಡುತ್ತಾರೆ. ಚಕ್ರ ಬಿಚ್ಚಿದಾಗ ಬಿಲ್ಲೆಯೂ ಕಳಚಿ ಬಂದು, ಇದೇನೋ ಬೇಡದ್ದೆಂದು ಅವರು ಪಕ್ಕಕ್ಕಿಟ್ಟರೆ, ಉದ್ದದ ಬೋಲ್ಟು ಹಬ್ಬನ್ನು ದಾಟಿ ಹಿಂದಿನ ಡ್ರಮ್ ಬ್ರೇಕಿನ ಭಾಗಗಳಿಗೆ ತಾಗಬಹುದು. ಬಿಲ್ಲೆಯನ್ನು ಅಲ್ಲೇ ಬಿಟ್ಟು ಕಂಪನಿಯ ಗಿಡ್ಡ ಬೋಲ್ಟು ಹಾಕಿದರೋ, ನಾಲ್ಕೈದು ಸುತ್ತಿಗೆ ಮಾತ್ರ ಮರೆ ಹಿಡಿದು ಚಕ್ರ ನಿಂತಿರುತ್ತದೆ. ಅದೂ ಸಾಲದೆ, ಕಂಪನಿಯ ಚಕ್ರದ ಬೋಲ್ಟಿನ ಕುತ್ತಿಗೆ ಗೋಲಿಯ ಹಾಗೆ ದುಂಡಗೆ. ಹೊರಗಿನ ಅಲಾಯ್ ಚಕ್ರಗಳದ್ದು ಹೆಚ್ಚಾಗಿ ಲಾಳಿಕೆಯ ಹಾಗೆ ಇಳಿಜಾರು. ಒಂದನ್ನು ಇನ್ನೊಂದಕ್ಕೆ ಹಾಕಿದರೆ ಬಿಗಿದಂತೆ ಕಾಣುತ್ತದೆ, ಸರಿಯಾಗಿ ಕೂತಿರುವುದಿಲ್ಲ. ಇಷ್ಟೂ ಸಂಗತಿ ಇರುವುದು ಒಬ್ಬನ ತಲೆಯಲ್ಲಿ. ಅವನು ಕಾರನ್ನು ಕೊಟ್ಟು, ತಲೆಯಲ್ಲಿರುವುದನ್ನು ತನ್ನ ಹತ್ತಿರವೇ ಇಟ್ಟುಕೊಂಡು ಹೋಗುತ್ತಾನೆ.

ಪೋಲೊ ಹುಟ್ಟಿದ ಜರ್ಮನಿಯಲ್ಲಿಯೂ ಹುಡುಗರು ಸ್ಪೇಸರ್ ಹಾಕುತ್ತಾರೆ. ಅಲ್ಲಿ ಬಿಲ್ಲೆಯ ಜೊತೆ ಪರೀಕ್ಷೆಯ ಪ್ರಮಾಣಪತ್ರ ಬರುತ್ತದೆ. ಸಾಮಾನ್ಯವಾಗಿ ತನಿಖೆಯವರು ನೋಡಿ ಒಪ್ಪಬೇಕು, ಅದು ದಾಖಲೆ ಸೇರಬೇಕು. ಕಾರು ಕೈ ಬದಲಾದರೂ ಕಾಗದ ಮಾತಾಡುತ್ತದೆ. ನಮ್ಮಲ್ಲಿ ಅಂಥ ಕಾಗದವಿಲ್ಲದ ಮೇಲೆ ಬಾಯಿಯೇ ಆ ಕೆಲಸ ಮಾಡಬೇಕಷ್ಟೆ.

ನಮ್ಮ ಅತ್ತಿಗೆ ಹೆಚ್ಚು ಮಾತಿನವರಲ್ಲ. ಅಡುಗೆಮನೆಯಿಂದಲೇ, “ಆ ಕಾರನ್ನ ನಿನ್ನ ಅಕ್ಕನಿಗೆ ಕೊಡ್ತಿದ್ರೆ ಹೇಳ್ತಿದ್ದೆಯಾ?” ಎಂದರು. ಅವನು ಉತ್ತರ ಕೊಡಲಿಲ್ಲ. “ಹೇಳಿದ್ರೆ ಇಪ್ಪತ್ತು ಸಾವಿರ ಇಳಿಸ್ತಾರೆ” ಎಂದು ಗೊಣಗಿದ. ಸಾಲದ ಕಂತು ಕಟ್ಟುವ ಹುಡುಗನಿಗೆ ಇಪ್ಪತ್ತು ಸಾವಿರ ಸಣ್ಣ ಮೊತ್ತವಲ್ಲ. ಅದನ್ನು ನಾನು ಹಗುರವಾಗಿ ಕಾಣಲಾರೆ.

ಮರುದಿನ ಫೋನು ಮಾಡಿ ಹೇಳಿದ. ಆಕೆ ಗಾಬರಿಯಾಗಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಎಲ್ಲ ಕೇಳಿಸಿಕೊಂಡು, “ಕಂಪನಿ ಚಕ್ರಗಳೂ ಬೋಲ್ಟುಗಳೂ ಎಲ್ಲಿವೆ?” ಎಂದು ಕೇಳಿದರಂತೆ. ಅವು ಅಣ್ಣನ ಮನೆಯ ಅಟ್ಟದ ಮೇಲಿದ್ದವು. ಬೋಲ್ಟುಗಳು ಹಾರ್ಲಿಕ್ಸ್ ಬಾಟಲಿಯಲ್ಲಿ, ಇಪ್ಪತ್ತಕ್ಕೆ ಇಪ್ಪತ್ತೂ. ಅವನ್ನೇ ಹಾಕಿಸಿ, ತಮ್ಮ ಮೆಕ್ಯಾನಿಕ್ಕಿಗೆ ತೋರಿಸಿ ಕಾರು ಕೊಂಡರು. ಬೆಲೆ ಎಂಟು ಸಾವಿರ ಇಳಿಯಿತು. ಅಲಾಯ್ ಚಕ್ರಗಳು ಈಗ ಅಟ್ಟ ಸೇರಿವೆ. ಹಪ್ಪಳದ ಡಬ್ಬ ಇಡಲು ಜಾಗವಿಲ್ಲವೆಂದು ಅತ್ತಿಗೆ ದಿನಾ ಬೈಯುತ್ತಾರೆ.